ಜಿಂಕ್ ತುಂಡಿನ ಲೆಕ್ಕ ಕೇಳೋಣ: ಕರಾವಳಿಯ ಉಕ್ಕನ್ನು ಕಾಯೋರು ಯಾರು?

ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಮಲ್ಪೆ, ಮಂಗಳೂರು, ಕಾರವಾರದ ದಕ್ಕೆಗಳಲ್ಲಿ ಬೋಟುಗಳು ಸಾಲುಗಟ್ಟಿ ನಿಂತಿರುತ್ತವೆ. ರಜೆ ಅಂದರೆ ಬೋಟಿಗೆ ರಜೆ, ಮಾಲೀಕನಿಗಲ್ಲ. ತಳಕ್ಕೆ ಅಂಟಿದ ಚಿಪ್ಪು ಕೆರೆಯಬೇಕು, ಪೇಂಟ್ ಹೊಡೆಸಬೇಕು, ಇಂಜಿನ್ ಬಿಚ್ಚಬೇಕು. ಸ್ಟೀಲ್ ಬೋಟಾದರೆ ಇನ್ನೊಂದು ಕೆಲಸ ಉಂಟು. ನೀರಿನೊಳಗೆ ಮುಳುಗಿರುವ ಭಾಗದಲ್ಲಿ, ಚುಕ್ಕಾಣಿ ಮತ್ತು ಪ್ರೊಪೆಲ್ಲರ್ ಆಸುಪಾಸಿನಲ್ಲಿ, ಸೋಪಿನ ಬಿಲ್ಲೆಯಂಥ ಲೋಹದ ತುಂಡುಗಳನ್ನು ಹಾಕಿರುತ್ತಾರೆ. ಆಡುಮಾತಿನಲ್ಲಿ ಬರೀ ‘ಜಿಂಕ್’. ತಿಂಗಳುಗಟ್ಟಲೆ ಸಮುದ್ರದಲ್ಲಿದ್ದು ಬಂದ ಮೇಲೆ ಅವು ಹುಳ ತಿಂದ ಹಲ್ಲಿನ ಹಾಗೆ ಆಗಿರುತ್ತವೆ. ಹಳೆಯದನ್ನು ತೆಗೆದು ಹೊಸದು ಹಾಕಬೇಕು.

ಇದನ್ನು ಮಾಡಿ ಅಂತ ಬೋಟ್ ಮಾಲೀಕರಿಗೆ ಯಾವ ಸುತ್ತೋಲೆಯೂ ಬೇಕಿಲ್ಲ. ಬೋಟು ಅವರದ್ದು, ಬ್ಯಾಂಕಿನ ಸಾಲ ಅವರದ್ದು, ತಳ ತೂತಾದರೆ ನಷ್ಟವೂ ಅವರದ್ದು.

ಈಗ ಅದೇ ಸಮುದ್ರದಲ್ಲಿ, ಅದೇ ಉಪ್ಪುನೀರಿನಲ್ಲಿ ನಿಂತಿರುವ ಸಾರ್ವಜನಿಕ ಉಕ್ಕನ್ನು ನೆನಪಿಸಿಕೊಳ್ಳಿ. ಬಂದರಿನ ಜೆಟ್ಟಿಯ ಕಂಬಗಳು, ಹಡಗುಕಟ್ಟೆಯ ಶೀಟ್ ಪೈಲ್‌ಗಳು, ಲಾಕ್ ಗೇಟುಗಳು, ನೀರಡಿಯ ಪೈಪ್‌ಲೈನುಗಳು. ಅವುಗಳಿಗೂ ಬೇಕಿರುವುದು ಇದೇ ಜಿಂಕಿನ ದೊಡ್ಡಣ್ಣ. ಆದರೆ ಅಲ್ಲಿ ‘ಇದು ನನ್ನದು’ ಅನ್ನೋರು ಯಾರು?

ಈ ಪ್ರಶ್ನೆಗೆ ಬರುವ ಮೊದಲು, ಆ ಲೋಹದ ತುಂಡು ನೀರಿನೊಳಗೆ ಏನು ಮಾಡುತ್ತದೆ ಅಂತ ಅರ್ಥ ಮಾಡಿಕೊಳ್ಳಬೇಕು. ಪಿಯುಸಿಯಲ್ಲಿ ಎಲೆಕ್ಟ್ರೋಕೆಮಿಸ್ಟ್ರಿ ಪಾಠ ಬಿಟ್ಟುಹಾಕಿದವರೂ ಓದಬಹುದು. ಸಮೀಕರಣ ಇಲ್ಲ.

ತುಕ್ಕು ಅಂದ್ರೆ ಕರೆಂಟು

ಕಬ್ಬಿಣ ಭೂಮಿಯೊಳಗೆ ಕಬ್ಬಿಣವಾಗಿ ಸಿಗುವುದಿಲ್ಲ, ಅದಿರಾಗಿ ಸಿಗುತ್ತದೆ. ಬಳ್ಳಾರಿಯ ಕೆಂಪು ಮಣ್ಣು ನೋಡಿದವರಿಗೆ ಇದು ಗೊತ್ತು. ಕುಲುಮೆಯಲ್ಲಿ ಅಪಾರ ಶಕ್ತಿ ಸುರಿದು ಅದಿರಿನಿಂದ ಆಮ್ಲಜನಕವನ್ನು ಬಿಡಿಸಿ ನಾವು ಉಕ್ಕು ಮಾಡುತ್ತೇವೆ. ಅವಕಾಶ ಸಿಕ್ಕಾಗಲೆಲ್ಲ ಉಕ್ಕು ಮತ್ತೆ ಮಣ್ಣಾಗಲು ಹೊರಡುತ್ತದೆ. ತುಕ್ಕು ಅಂದರೆ ಆ ವಾಪಸಾತಿ.

ಈ ವಾಪಸಾತಿ ಒಂದು ವಿದ್ಯುತ್ ವ್ಯವಹಾರ. ಉಕ್ಕಿನ ಮೇಲ್ಮೈಯ ಒಂದು ಜಾಗದಲ್ಲಿ ಕಬ್ಬಿಣದ ಪರಮಾಣು ಎಲೆಕ್ಟ್ರಾನ್ ಬಿಟ್ಟುಕೊಟ್ಟು ನೀರಿಗೆ ಇಳಿಯುತ್ತದೆ. ಆ ಎಲೆಕ್ಟ್ರಾನ್ ಲೋಹದೊಳಗೇ ಓಡಿ ಇನ್ನೊಂದು ಜಾಗಕ್ಕೆ ಹೋಗುತ್ತದೆ. ಅಲ್ಲಿ ನೀರಿನಲ್ಲಿ ಕರಗಿರುವ ಆಮ್ಲಜನಕ ಅದನ್ನು ಹಿಡಿದುಕೊಳ್ಳುತ್ತದೆ. ಎಲೆಕ್ಟ್ರಾನ್ ಕೊಡುವ ಜಾಗಕ್ಕೆ ಆನೋಡ್ ಅಂತ ಹೆಸರು, ಪಡೆಯುವ ಜಾಗಕ್ಕೆ ಕ್ಯಾಥೋಡ್. ಸವೆಯುವುದು ಯಾವಾಗಲೂ ಆನೋಡ್. ಸರ್ಕೀಟ್ ಪೂರ್ತಿಯಾಗಲು ನೀರಿನಲ್ಲೂ ಕರೆಂಟ್ ಹರಿಯಬೇಕು. ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುವ ಸಮುದ್ರದ ನೀರಿಗೆ ಅದೇನೂ ಕಷ್ಟವಲ್ಲ. ಹಾಗಾಗಿಯೇ ಬಾವಿನೀರಿನಲ್ಲಿ ನಿಧಾನಕ್ಕೆ ನಡೆಯುವ ಕೆಲಸ ಅರಬ್ಬೀ ಸಮುದ್ರದಲ್ಲಿ ಭರದಿಂದ ನಡೆಯುತ್ತದೆ.

ಈಗ ಈ ಉಕ್ಕಿಗೆ ಒಂದು ಜಿಂಕ್ ತುಂಡನ್ನು ವೆಲ್ಡ್ ಮಾಡಿ. ಎಲೆಕ್ಟ್ರಾನ್ ಬಿಟ್ಟುಕೊಡುವುದರಲ್ಲಿ ಜಿಂಕ್ ಕಬ್ಬಿಣಕ್ಕಿಂತ ಧಾರಾಳಿ. ಆಮ್ಲಜನಕ ಕೇಳುವಷ್ಟು ಎಲೆಕ್ಟ್ರಾನನ್ನು ಅದೇ ಪೂರೈಸುತ್ತದೆ, ಕಬ್ಬಿಣದ ಸರದಿ ಬರುವುದೇ ಇಲ್ಲ. ಇಡೀ ಉಕ್ಕಿನ ರಚನೆ ಕ್ಯಾಥೋಡ್ ಆಗಿ ಉಳಿದುಕೊಳ್ಳುತ್ತದೆ, ಜಿಂಕ್ ಕರಗುತ್ತಾ ಹೋಗುತ್ತದೆ.

ನಿಮ್ಮ ಮನೆಯಲ್ಲೂ ಇದೇ ತಂತ್ರ ಇದೆ. ಸ್ಟೋರೇಜ್ ಗೀಸರ್ ಸರ್ವಿಸ್ ಮಾಡಲು ಬಂದವರು ಬಿಳಿ ಪುಡಿ ಮೆತ್ತಿದ, ಕೊರೆದುಹೋದ ಒಂದು ಸರಳನ್ನು ಹೊರಗೆಳೆದು ತೋರಿಸುತ್ತಾರಲ್ಲ, ಅದು ಮೆಗ್ನೀಷಿಯಂ ಆನೋಡ್. ಟ್ಯಾಂಕ್ ಉಳಿಯಲಿ ಅಂತ ಅದು ಸವೆದಿದೆ. ಚಾವಣಿಯ ಜಿಂಕ್ ಶೀಟ್ ಗೀಚಿದರೂ ಗೀಚಿದ ಜಾಗಕ್ಕೆ ತಕ್ಷಣ ತುಕ್ಕು ಬಾರದಿರಲು ಕಾರಣವೂ ಇದೇ.

ತ್ಯಾಗ ಅನ್ನಬೇಡಿ

ಇಂಗ್ಲಿಷಿನಲ್ಲಿ ಇದಕ್ಕೆ ಸ್ಯಾಕ್ರಿಫಿಶಿಯಲ್ ಆನೋಡ್ ಅಂತಾರೆ. ಕನ್ನಡಕ್ಕೆ ತರುವಾಗ ‘ತ್ಯಾಗ’ ಅನ್ನಬೇಕೋ ‘ಬಲಿ’ ಅನ್ನಬೇಕೋ? ತ್ಯಾಗ ಅಂದರೆ ತಾನಾಗಿ ಬಿಟ್ಟುಕೊಡುವುದು. ಬಲಿ ಅಂದರೆ ಬೇರೆಯವರು ಆರಿಸಿ ಕೊಡುವುದು. ಯಾವ ಲೋಹ, ಎಷ್ಟು ಕೆಜಿ, ಯಾವ ಜಾಗದಲ್ಲಿ, ಎಷ್ಟು ವರ್ಷಕ್ಕೆ ಅಂತ ಇಲ್ಲಿ ಎಲ್ಲವನ್ನೂ ಮೇಜಿನ ಮುಂದೆ ಕುಳಿತವರು ನಿರ್ಧರಿಸುತ್ತಾರೆ. ಹಾಗಾಗಿ ಬಲಿ ಆನೋಡ್ ಅನ್ನುವುದೇ ಸರಿ. ಆ ಪದದಲ್ಲಿ ಕನಿಷ್ಠ ‘ನಿರ್ಧರಿಸಿದ್ದು ಯಾರು’ ಅನ್ನುವ ಪ್ರಶ್ನೆಯಾದರೂ ಉಳಿದುಕೊಳ್ಳುತ್ತದೆ.

ಬಲಿಗೆ ಮೂರು ಲೋಹಗಳು ಸಿದ್ಧ ಇವೆ. ಮೆಗ್ನೀಷಿಯಂ ಅತಿ ಆತುರದ್ದು, ಸಮುದ್ರದಲ್ಲಿ ಬೇಗ ಖಾಲಿಯಾಗುತ್ತದೆ. ಸಿಹಿನೀರು, ಮಣ್ಣು, ಗೀಸರಿಗೆ ಸರಿ. ಜಿಂಕ್ ನಂಬಿಕಸ್ಥ, ಆದರೆ ಭಾರ. ದೊಡ್ಡ ರಚನೆಗಳಿಗೆ ಈಗ ಹೆಚ್ಚಾಗಿ ಬಳಸುವುದು ಅಲ್ಯೂಮಿನಿಯಂ. ಅದರಲ್ಲೊಂದು ತಮಾಷೆ ಇದೆ. ಶುದ್ಧ ಅಲ್ಯೂಮಿನಿಯಂ ಗಾಳಿ, ನೀರು ತಾಕಿದ ತಕ್ಷಣ ಮೈಮೇಲೆ ಆಕ್ಸೈಡ್ ಪದರ ಎಳೆದುಕೊಂಡು ಸುಮ್ಮನೆ ಕೂತುಬಿಡುತ್ತದೆ, ಕರಗುವುದೇ ಇಲ್ಲ. ಆ ಕವಚ ಕಟ್ಟದಂತೆ ನೋಡಿಕೊಳ್ಳಲು ಸ್ವಲ್ಪ ಜಿಂಕ್ ಮತ್ತು ಶೇ. 0.02ರ ಆಸುಪಾಸಿನಷ್ಟು ಇಂಡಿಯಂ ಬೆರೆಸುತ್ತಾರೆ. ಈ ಚಿಟಿಕೆ ಇಂಡಿಯಂ ತಪ್ಪಿದರೆ ಟನ್‌ಗಟ್ಟಲೆ ಅಲ್ಯೂಮಿನಿಯಂ ನೀರಿನಲ್ಲಿ ತೂಗಾಡುವ ಅಲಂಕಾರ ಅಷ್ಟೇ.

ಇದರಿಂದ ತಪಾಸಣೆಯ ಬಗ್ಗೆ ಒಂದು ಉಲ್ಟಾ ಪಾಠ ಸಿಗುತ್ತದೆ. ಹತ್ತು ವರ್ಷ ನೀರಿನಲ್ಲಿದ್ದೂ ಆನೋಡ್ ಹೊಸದರಂತೆ ಹೊಳೆಯುತ್ತಿದ್ದರೆ ಅದು ಸಿಹಿಸುದ್ದಿ ಅಲ್ಲ. ವೆಲ್ಡಿಂಗ್ ಬಿಟ್ಟಿರಬೇಕು, ಮಿಶ್ರಲೋಹ ಕೆಟ್ಟಿರಬೇಕು, ಅಥವಾ ಅಂದ ಕಾಣಲಿ ಅಂತ ಯಾರೋ ಅದಕ್ಕೂ ಪೇಂಟ್ ಬಳಿದಿರಬೇಕು. ‘ಆನೋಡ್‌ಗಳು ಉತ್ತಮ ಸ್ಥಿತಿಯಲ್ಲಿವೆ’ ಅನ್ನುವ ಒಂದು ಸಾಲಿನ ವರದಿ ಓದಿದರೆ ಹಾಗಾಗಿಯೇ ಸ್ವಲ್ಪ ಅನುಮಾನ ಪಡಬೇಕು. ಸವೆಯುತ್ತಿದೆ ಅಂದರೆ ಕೆಲಸ ಮಾಡುತ್ತಿದೆ ಅಂತ ಅರ್ಥ.

ಒಂದು ಕಂಬಕ್ಕೆ 360 ಕೆಜಿ

ಲೆಕ್ಕ ಹಾಕೋಣ. 1 ಮೀಟರ್ ವ್ಯಾಸದ ಉಕ್ಕಿನ ಕೊಳವೆ ಕಂಬ, ಅದರ 12 ಮೀಟರ್ ಉದ್ದ ನೀರಿನಲ್ಲಿದೆ ಅಂದುಕೊಳ್ಳಿ. ನೀರು ತಾಗುವ ಮೇಲ್ಮೈ ಸುಮಾರು 38 ಚದರ ಮೀಟರ್. ಕಡಲಿನ ರಚನೆಗಳಿಗೆ ವ್ಯಾಪಕವಾಗಿ ಬಳಸುವ ಡಿಎನ್‌ವಿ ವಿನ್ಯಾಸ ಸೂಚಿಯ ಪ್ರಕಾರ, ಉಷ್ಣವಲಯದ ಆಳವಿಲ್ಲದ ನೀರಿನಲ್ಲಿ ಬಣ್ಣವಿಲ್ಲದ ಉಕ್ಕಿಗೆ ಚದರ ಮೀಟರಿಗೆ ಸರಾಸರಿ 70 ಮಿಲಿಆಂಪಿಯರ್ ಕರೆಂಟ್ ಬೇಕು. ನಮ್ಮ ಕಂಬಕ್ಕೆ ಸುಮಾರು 2.6 ಆಂಪಿಯರ್ ಆಯಿತು. ಹಗಲು ರಾತ್ರಿ 25 ವರ್ಷ ಹರಿದರೆ 5.78 ಲಕ್ಷ ಆಂಪಿಯರ್-ಗಂಟೆ. ವಿನ್ಯಾಸದಲ್ಲಿ 1 ಕೆಜಿ ಅಲ್ಯೂಮಿನಿಯಂ ಆನೋಡ್‌ಗೆ 2000 ಆಂಪಿಯರ್-ಗಂಟೆ ಹಿಡಿಯುತ್ತಾರೆ. ತುಂಡು ಪೂರ್ತಿ ಕರಗುವ ಮೊದಲೇ ಅದರ ಆಕಾರ ಕೆಡುವುದರಿಂದ ಶೇ. 80 ಮಾತ್ರ ಬಳಕೆಗೆ ಸಿಗುತ್ತದೆ ಅಂತಿಟ್ಟುಕೊಳ್ಳಿ. ಉತ್ತರ: ಸುಮಾರು 360 ಕೆಜಿ. ಜಿಂಕ್ ಆದರೆ 900 ಕೆಜಿ ದಾಟುತ್ತದೆ.

ಒಂದು ಕಂಬಕ್ಕೆ ಇಷ್ಟು. ಇಂಥ 100 ಕಂಬಗಳ ಜೆಟ್ಟಿಗೆ 36 ಟನ್. ಕೆಸರಿನಲ್ಲಿ ಹೂತಿರುವ ಉಕ್ಕೂ ತನ್ನ ಪಾಲು ಕೇಳುತ್ತದೆ, ಅದು ಬೇರೆ. ಒಳ್ಳೆ ಪೇಂಟ್ ಹೊಡೆದರೆ ಈ ತೂಕ ಇಳಿಯುತ್ತದೆ, ಆದರೆ ಪೇಂಟೂ ವರ್ಷ ಕಳೆದಂತೆ ಸುಲಿಯುತ್ತದೆ.

70 ಅನ್ನುವುದು ಸರಾಸರಿ. ಶುರುವಿನಲ್ಲಿ ಅದೇ ಸೂಚಿ ಕೇಳುವುದು 150. ಯಾಕೆ? ಮೊದಲ ವಾರಗಳಲ್ಲಿ ಜೋರಾಗಿ ಕರೆಂಟ್ ಹರಿದರೆ ಉಕ್ಕಿನ ಮೇಲ್ಮೈಯ ನೀರು ಕ್ಷಾರೀಯವಾಗಿ, ಸಮುದ್ರದಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂ ಬಿಳಿ ಪದರವಾಗಿ ಉಕ್ಕಿನ ಮೇಲೆ ಕೂರುತ್ತವೆ, ಗೋಡೆಗೆ ಸುಣ್ಣ ಬಳಿದ ಹಾಗೆ. ಆಮೇಲೆ ಕಡಿಮೆ ಕರೆಂಟಿನಲ್ಲೇ ಬದುಕು ಸಾಗುತ್ತದೆ. ಶುರುವಿನಲ್ಲೇ ಜುಗ್ಗತನ ಮಾಡಿ ಕಡಿಮೆ ಆನೋಡ್ ಹಾಕಿದರೆ ಈ ಪದರ ಸರಿಯಾಗಿ ಕಟ್ಟುವುದಿಲ್ಲ. ಆಮೇಲೆ ಜೀವನಪೂರ್ತಿ ಹೆಚ್ಚು ತೆರಬೇಕಾಗುತ್ತದೆ. ಅತಿ ಕಡಿಮೆ ಟೆಂಡರ್ ದರಕ್ಕೆ ಕೆಲಸ ಕೊಡುವ ವ್ಯವಸ್ಥೆಯಲ್ಲಿ ಈ ಅಂಶವನ್ನು ಮರೆಯಬಾರದು.

ನಮ್ಮ ಅಳಿವೆಗಳಿಗೆ ಇನ್ನೊಂದು ತೊಡಕಿದೆ. ಕಾಳಿ, ಶರಾವತಿ, ನೇತ್ರಾವತಿ ಸಮುದ್ರ ಸೇರುವ ಜಾಗದಲ್ಲಿ ಮಳೆಗಾಲದ ನೀರು ಸಿಹಿಯಾಗುತ್ತದೆ. ಉಪ್ಪು ಕಡಿಮೆಯಾದರೆ ಕರೆಂಟ್ ದೂರ ಹೋಗುವುದಿಲ್ಲ, ಅಲ್ಯೂಮಿನಿಯಂ ಕೂಡ ಮಂಕಾಗುತ್ತದೆ. ತೆರೆದ ಸಮುದ್ರಕ್ಕೆ ಮಾಡಿದ ಕೋಷ್ಟಕವನ್ನು ಅಳಿವೆಗೆ ಕಾಪಿ ಹೊಡೆದರೆ ಆಗುವುದಿಲ್ಲ, ಅಲ್ಲಿನ ನೀರನ್ನೇ ವರ್ಷಪೂರ್ತಿ ಅಳೆಯಬೇಕು.

ಡೇವಿ ಗೆದ್ದರು, ನೌಕಾಪಡೆ ಬಿಟ್ಟಿತು

ಈ ಉಪಾಯಕ್ಕೆ ಈಗ 200 ವರ್ಷ. ಆಗ ಬ್ರಿಟಿಷ್ ನೌಕಾಪಡೆಯ ಮರದ ಹಡಗುಗಳ ತಳಕ್ಕೆ ತಾಮ್ರದ ತಗಡು ಹೊದಿಸುತ್ತಿದ್ದರು. ಆ ತಾಮ್ರ ಸವೆಯುತ್ತಿತ್ತು. ಪರಿಹಾರ ಕೇಳಿದ್ದು ರಸಾಯನ ವಿಜ್ಞಾನಿ ಹಂಫ್ರಿ ಡೇವಿ ಅವರನ್ನು. ಕಬ್ಬಿಣ ಅಥವಾ ಜಿಂಕಿನ ಸಣ್ಣ ತುಂಡು ಜೋಡಿಸಿದರೆ ಅದಕ್ಕಿಂತ ಹತ್ತಾರು ಪಟ್ಟು ದೊಡ್ಡ ತಾಮ್ರ ಉಳಿಯುತ್ತದೆ ಅಂತ 1824ರಲ್ಲಿ ಅವರು ರಾಯಲ್ ಸೊಸೈಟಿಗೆ ತಿಳಿಸಿದರು. ‘ಸಮರಾಂಗ್’ ಸೇರಿದಂತೆ ಕೆಲವು ಯುದ್ಧನೌಕೆಗಳಲ್ಲಿ ಪ್ರಯೋಗವೂ ಆಯಿತು. ತಾಮ್ರ ಉಳಿಯಿತು.

ಆದರೆ ಹಡಗು ನಿಧಾನವಾಯಿತು. ತಾಮ್ರ ಸ್ವಲ್ಪ ಸ್ವಲ್ಪವೇ ಕರಗಿ ನೀರಿಗೆ ವಿಷ ಬಿಡುತ್ತಿದ್ದುದರಿಂದಲೇ ಅಲ್ಲಿಯವರೆಗೆ ಚಿಪ್ಪು, ಪಾಚಿ ತಳಕ್ಕೆ ಅಂಟುತ್ತಿರಲಿಲ್ಲ. ಕರಗುವುದು ನಿಂತಿತು, ಚಿಪ್ಪು ಮೆತ್ತಿಕೊಂಡಿತು. ನೌಕಾಪಡೆ ಯೋಜನೆಯನ್ನೇ ಕೈಬಿಟ್ಟಿತು. ರಸಾಯನಶಾಸ್ತ್ರ ಸರಿಯಿತ್ತು, ಆದರೆ ಡೇವಿಗೆ ಕೇಳಿದ ಪ್ರಶ್ನೆ ಅರ್ಧವೇ ಆಗಿತ್ತು. ‘ತಾಮ್ರ ಉಳಿಸಿ’ ಅಂದರು, ‘ಹಡಗಿನ ವೇಗವೂ ಉಳಿಯಲಿ’ ಅನ್ನಲಿಲ್ಲ. ಮುಂದೆ ಕಬ್ಬಿಣ, ಉಕ್ಕಿನ ಹಡಗುಗಳ ಕಾಲ ಬಂದ ಮೇಲೆ ಡೇವಿಯ ಉಪಾಯ ಮತ್ತೆ ನೀರಿಗಿಳಿಯಿತು.

ಇವತ್ತಿಗೂ ಆ ಅರ್ಧ ಪ್ರಶ್ನೆ ಹಾಗೇ ಇದೆ. ಮೇಲಿನ 36 ಟನ್ ಲೆಕ್ಕದಲ್ಲಿ 25 ವರ್ಷದಲ್ಲಿ ಸುಮಾರು 29 ಟನ್ ಲೋಹ ಅಲ್ಲೇ ನೀರಿಗೆ, ಹೂಳಿಗೆ ಸೇರುತ್ತದೆ. ಕೆಲವು ಮಾದರಿಯ ಜಿಂಕ್ ಆನೋಡ್‌ಗಳಲ್ಲಿ ಅಲ್ಪ ಪ್ರಮಾಣದ ಕ್ಯಾಡ್ಮಿಯಂ ಕೂಡ ಇರುತ್ತದೆ. ತೆರೆದ ಸಮುದ್ರದಲ್ಲಿ ಇದು ಚದುರಿಹೋಗಬಹುದು. ನೀರಿನ ಓಡಾಟ ಕಡಿಮೆ ಇರುವ ಬಂದರಿನ ಒಡಲಲ್ಲಿ, ಪಕ್ಕದಲ್ಲೇ ಮರುವಾಯಿ ಹೆಕ್ಕುವ ಜನ ಇರುವಲ್ಲಿ, ಪರಿಸರ ವರದಿ ಇದರ ಬಗ್ಗೆ ಒಂದು ಪುಟವಾದರೂ ಬರೆಯಬೇಕು.

ಆನೋಡ್ ಕೈಲಾಗದ ಜಾಗ

ಆನೋಡ್ ಕೆಲಸ ಮಾಡಲು ಮೂರು ಷರತ್ತು. ಉಕ್ಕಿಗೆ ಲೋಹದ ಸಂಪರ್ಕ ಇರಬೇಕು, ಎರಡೂ ಒಂದೇ ನೀರಿನಲ್ಲಿ ಮುಳುಗಿರಬೇಕು, ಆನೋಡ್ ಇನ್ನೂ ಉಳಿದಿರಬೇಕು. ಎರಡನೇ ಷರತ್ತು ಬಹಳ ಮುಖ್ಯ. ಅಲೆ ಬಡಿದು, ಒದ್ದೆಯಾಗಿ, ಒಣಗಿ, ಮತ್ತೆ ಒದ್ದೆಯಾಗುವ ಪಟ್ಟಿ ಇದೆಯಲ್ಲ, ತುಕ್ಕಿಗೆ ಅತಿ ಇಷ್ಟದ ಜಾಗ ಅದೇ. ಮುಳುಗಿದ ಉಕ್ಕು ವರ್ಷಕ್ಕೆ ಸರಾಸರಿ 0.1 ಮಿಲಿಮೀಟರ್ ಸವೆದರೆ, ಇಲ್ಲಿ ಅದರ ಮೂರು ಪಟ್ಟು, ಕೆಲವೊಮ್ಮೆ ಇನ್ನೂ ಹೆಚ್ಚು. ನೀರಿನಡಿಯ ಆನೋಡ್‌ನ ಕೈ ಅಲ್ಲಿಗೆ ಎಟುಕುವುದಿಲ್ಲ. ಅಲ್ಲಿ ಬೇಕಾದ್ದು ಹೆಚ್ಚುವರಿ ದಪ್ಪದ ಉಕ್ಕು, ದಪ್ಪ ಲೇಪನ, ಸುತ್ತುವ ಟೇಪು, ಮತ್ತು ಪದೇ ಪದೇ ನೋಡುವ ಕಣ್ಣು.

2024ರ ಆಗಸ್ಟ್ 26ರಂದು ಮಹಾರಾಷ್ಟ್ರದ ಮಾಲ್ವಣದಲ್ಲಿ 35 ಅಡಿ ಎತ್ತರದ ಶಿವಾಜಿ ಪ್ರತಿಮೆ ಬಿತ್ತು. ಪ್ರಧಾನಿ ಅದನ್ನು ಅನಾವರಣ ಮಾಡಿದ್ದು 2023ರ ಡಿಸೆಂಬರ್ 4ರಂದು. ಒಂಬತ್ತು ತಿಂಗಳೂ ಆಗಿರಲಿಲ್ಲ. ನಟ್-ಬೋಲ್ಟುಗಳಿಗೆ ತುಕ್ಕು ಹಿಡಿದಿದೆ ಅಂತ ಲೋಕೋಪಯೋಗಿ ಇಲಾಖೆ ಮೊದಲೇ ಪತ್ರ ಬರೆದಿತ್ತು. ಗಾಳಿಯಲ್ಲಿ ನಿಂತ ಇಂಥ ರಚನೆಗೆ ಸಮುದ್ರದಲ್ಲಿ ತೂಗುವ ಆನೋಡ್ ನೆರವಾಗುವುದಿಲ್ಲ. ಅಲ್ಲಿ ಸರಿಯಾದ ಲೋಹ, ಸರಿಯಾದ ಲೇಪನ ಬೇಕಿತ್ತು. ಪತ್ರ ಬಂದ ಮೇಲೆ ಎದ್ದು ನೋಡುವವರು ಬೇಕಿತ್ತು.

ಅದೇ ತಿಂಗಳ 7ರಂದು ನಸುಕಿಗೂ ಮೊದಲು ಕಾರವಾರದಲ್ಲಿ ಕಾಳಿ ನದಿಯ ಹಳೇ ಸೇತುವೆ ಕುಸಿಯಿತು. ಲಾರಿಯೊಂದು ನದಿಗೆ ಬಿತ್ತು, ಚಾಲಕನನ್ನು ಜೀವಂತ ಮೇಲೆತ್ತಿದರು. ನಾಲ್ಕು ದಶಕದ ಆ ಸೇತುವೆ ಕಾಂಕ್ರೀಟಿನದ್ದು. ಕರಾವಳಿಯ ಕಾಂಕ್ರೀಟಿಗೆ ಬೇರೆಯದೇ ಸಮಸ್ಯೆ ಇದೆ. ಉಪ್ಪು ನಿಧಾನಕ್ಕೆ ಒಳಗಿಳಿದು ಉಕ್ಕಿನ ಸರಳನ್ನು ಮುಟ್ಟುತ್ತದೆ, ತುಕ್ಕು ಹಿಗ್ಗಿ ಕಾಂಕ್ರೀಟನ್ನು ಒಳಗಿಂದ ಬಿರಿಯಿಸುತ್ತದೆ. ಇದಕ್ಕೂ ಕಾಂಕ್ರೀಟಿನೊಳಗೆ ಹೂತಿಡುವ ಸಣ್ಣ ಜಿಂಕ್ ಆನೋಡ್‌ಗಳಿವೆ, ದುರಸ್ತಿ ಮಾಡುವಾಗ ಹಾಕಬಹುದು. ಆದರೆ ಹೊರಗಿಂದ ಕಾಣದ ಕಾಯಿಲೆಯನ್ನು ಯಾರಾದರೂ ಅಳೆದರೆ ಮಾತ್ರ ಅದು ಗೊತ್ತಾಗುವುದು.

30 ವರ್ಷದ ಗುತ್ತಿಗೆ, 25 ವರ್ಷದ ಲೋಹ

ಆನೋಡ್ ತುಕ್ಕಿನ ಬಿಲ್ಲನ್ನು ಮನ್ನಾ ಮಾಡುವುದಿಲ್ಲ. ಅದನ್ನು ಯಾರು, ಯಾವಾಗ ಕಟ್ಟಬೇಕು ಅನ್ನುವುದನ್ನು ಮಾತ್ರ ಬದಲಿಸುತ್ತದೆ. ಅದಕ್ಕೆ ಕರೆಂಟ್ ಕನೆಕ್ಷನ್ ಬೇಡ, ಸ್ವಿಚ್ ಬೇಡ, ಆಪರೇಟರ್ ಬೇಡ. ಅದರ ದೊಡ್ಡ ಗುಣ ಇದು, ದೊಡ್ಡ ದೋಷವೂ ಇದೇ. ಸದ್ದಿಲ್ಲದೆ ಕೆಲಸ ಮಾಡುವುದನ್ನು ಸದ್ದಿಲ್ಲದೆ ಮರೆಯಬಹುದು.

ಗುತ್ತಿಗೆದಾರನ ದೋಷ ಹೊಣೆಗಾರಿಕೆ ಅವಧಿ ಕೆಲವೇ ವರ್ಷ. ಆನೋಡ್ ಖಾಲಿಯಾಗುವುದು ಇಪ್ಪತ್ತು-ಇಪ್ಪತ್ತೈದು ವರ್ಷಕ್ಕೆ. ಅಷ್ಟರಲ್ಲಿ ಉದ್ಘಾಟನೆ ಮಾಡಿದ ಮಂತ್ರಿ, ಸಹಿ ಹಾಕಿದ ಇಂಜಿನಿಯರ್, ಕೆಲಸ ಮಾಡಿದ ಕಂಪನಿ ಯಾರೂ ಜಾಗದಲ್ಲಿರುವುದಿಲ್ಲ. ಹೊಸ ಆನೋಡ್ ಹಾಕಲು ಮುಳುಗುಗಾರರು ಬೇಕು, ನೀರಡಿಯ ವೆಲ್ಡಿಂಗ್ ಬೇಕು. ಅಪಾಯದ, ದುಬಾರಿ ಕೆಲಸ. ಅದಕ್ಕೆ ರಿಬ್ಬನ್ ಇಲ್ಲ, ಫ್ಲೆಕ್ಸ್ ಇಲ್ಲ.

ಖಾಸಗಿ ಬಂದರುಗಳಲ್ಲಿ ಇದು ಇನ್ನೂ ಸೂಕ್ಷ್ಮ. ನಮ್ಮಲ್ಲಿ ಬಂದರು ಗುತ್ತಿಗೆಗಳು ಸಾಮಾನ್ಯವಾಗಿ 30 ವರ್ಷದವು, ಆಮೇಲೆ ಆಸ್ತಿ ಸರ್ಕಾರಕ್ಕೆ ವಾಪಸ್. 25 ವರ್ಷದ ಆನೋಡ್ ಹಾಕಿ ಕೊನೆಯ ಐದು ವರ್ಷ ಕೈಕಟ್ಟಿ ಕುಳಿತರೆ ಲಾಭ ಯಾರಿಗೆ, ಬಿಲ್ ಯಾರಿಗೆ? ಕಾಗದದಲ್ಲಿ ‘ಸುಸ್ಥಿತಿಯಲ್ಲಿ’ ಅಂತ ವಾಪಸ್ ಬಂದ ಜೆಟ್ಟಿಯಲ್ಲಿ ಆನೋಡ್‌ನ ಒಳಗಿನ ಕಬ್ಬಿಣದ ಸರಳು ಮಾತ್ರ ಉಳಿದಿರಬಹುದು. ಅಂಕೋಲಾದ ಕೇಣಿಯಲ್ಲಿ, ಹೊನ್ನಾವರದ ಕಾಸರಕೋಡ ಟೊಂಕದಲ್ಲಿ ಮೀನುಗಾರರು ಕೇಳುತ್ತಿರುವ ಪ್ರಶ್ನೆ ಇದಕ್ಕಿಂತ ಮೂಲಭೂತವಾದದ್ದು: ಇಲ್ಲಿ ಬಂದರು ಬೇಕೇ? ಆ ಪ್ರಶ್ನೆಗೆ ಆನೋಡ್ ಉತ್ತರವಲ್ಲ. ಆದರೆ ‘ಅಭಿವೃದ್ಧಿ’ ಅಂತ ತೋರಿಸುವ ಲೆಕ್ಕದಲ್ಲಿ 31ನೇ ವರ್ಷದ ಖರ್ಚು ಇದೆಯೇ ಅಂತ ಕೇಳುವುದು ಆ ವಾದದ ಭಾಗವೇ.

ಇದು ಸಣ್ಣ ಮೊತ್ತದ ಮಾತಲ್ಲ. ತುಕ್ಕು ತಡೆ ತಜ್ಞರ ಅಂತರರಾಷ್ಟ್ರೀಯ ಸಂಸ್ಥೆ ಎನ್‌ಎಸಿಇ 2016ರಲ್ಲಿ ಕೊಟ್ಟ ಅಂದಾಜಿನಂತೆ, ತುಕ್ಕಿನಿಂದ ಜಗತ್ತಿಗೆ ಆಗುವ ವಾರ್ಷಿಕ ನಷ್ಟ ಜಾಗತಿಕ ಜಿಡಿಪಿಯ ಶೇ. 3.4ರಷ್ಟು. ಈಗಾಗಲೇ ಗೊತ್ತಿರುವ ವಿಧಾನಗಳನ್ನು ಸರಿಯಾಗಿ ಬಳಸಿದರೆ ಅದರಲ್ಲಿ ಶೇ. 15ರಿಂದ 35ರಷ್ಟು ಉಳಿಸಬಹುದು.

ಆರ್‌ಟಿಐನಲ್ಲಿ ಏನು ಕೇಳಬೇಕು?

ಆನೋಡ್ ಕೆಲಸ ಮಾಡುತ್ತಿದೆಯಾ ಅಂತ ತಿಳಿಯಲು ದೊಡ್ಡ ಲ್ಯಾಬ್ ಬೇಡ. ಒಂದು ಮಲ್ಟಿಮೀಟರ್, ನೀರಿಗಿಳಿಸುವ ಒಂದು ಸಿಲ್ವರ್ ಕ್ಲೋರೈಡ್ ಎಲೆಕ್ಟ್ರೋಡ್ ಸಾಕು. ಉಕ್ಕು ರಕ್ಷಣೆ ಇಲ್ಲದೆ ನಿಂತಿದ್ದರೆ ಮೀಟರ್ ಸುಮಾರು ಮೈನಸ್ 0.6ರಿಂದ 0.65 ವೋಲ್ಟ್ ತೋರಿಸುತ್ತದೆ. ಮೈನಸ್ 0.80 ಅಥವಾ ಅದಕ್ಕಿಂತ ಕೆಳಗಿದ್ದರೆ ರಕ್ಷಣೆ ಇದೆ. ಮೈನಸ್ 1.1 ದಾಟಿದರೆ ರಕ್ಷಣೆ ಅತಿಯಾಗಿದೆ ಅಂತ. ಕೆಲವು ಗಡಸು ಉಕ್ಕುಗಳು ಹೈಡ್ರೋಜನ್ ಹೀರಿ ಬಿರಿಯಬಹುದು. ಇಡೀ ಕಂಬದ ಆರೋಗ್ಯ ಒಂದು ಸಂಖ್ಯೆಯಲ್ಲಿ.

ಮಾಹಿತಿ ಹಕ್ಕು ಕಾಯ್ದೆ 2005ರ ಸೆಕ್ಷನ್ 2(ಜೆ) ದಾಖಲೆ ಪಡೆಯಲು ಮಾತ್ರವಲ್ಲ, ಕಾಮಗಾರಿಯನ್ನು ಪರಿಶೀಲಿಸಲು, ಸಾಮಗ್ರಿಯ ಪ್ರಮಾಣೀಕೃತ ಮಾದರಿ ಪಡೆಯಲು ಕೂಡ ಹಕ್ಕು ಕೊಡುತ್ತದೆ. ಖಾಸಗಿ ಸಂಸ್ಥೆಯ ಮಾಹಿತಿಯಾದರೂ, ಬೇರೆ ಕಾನೂನಿನಡಿ ಅದನ್ನು ಪಡೆಯುವ ಅಧಿಕಾರ ಸರ್ಕಾರಿ ಪ್ರಾಧಿಕಾರಕ್ಕೆ ಇದ್ದರೆ, ಸೆಕ್ಷನ್ 2(ಎಫ್) ಪ್ರಕಾರ ಆ ಪ್ರಾಧಿಕಾರದ ಮೂಲಕ ಕೇಳಬಹುದು. ಹತ್ತು ರೂಪಾಯಿ ಶುಲ್ಕ, 30 ದಿನದ ಗಡುವು. ನಿಮ್ಮ ಊರಿನ ಜೆಟ್ಟಿ ಬಗ್ಗೆ ಇಷ್ಟು ಕೇಳಿ:

1. ಯಾವ ಲೋಹದ ಆನೋಡ್, ಒಟ್ಟು ಎಷ್ಟು ಕೆಜಿ, ವಿನ್ಯಾಸದ ಆಯುಷ್ಯ ಎಷ್ಟು ವರ್ಷ?
2. ಕೊನೆಯ ಬಾರಿ ವೋಲ್ಟೇಜ್ ಅಳೆದದ್ದು ಯಾವ ದಿನಾಂಕ? ಪ್ರತಿ ಕಂಬದ ಅಳತೆ ಕೊಡಿ.
3. ಮುಳುಗುಗಾರರ ಕೊನೆಯ ತಪಾಸಣೆಯಲ್ಲಿ ಆನೋಡ್ ಶೇಕಡಾ ಎಷ್ಟು ಸವೆದಿತ್ತು?
4. ಅಲೆ ಬಡಿಯುವ ಪಟ್ಟಿಯಲ್ಲಿ ಉಕ್ಕಿನ ದಪ್ಪ ಮೂಲದಲ್ಲಿ ಎಷ್ಟಿತ್ತು, ಈಗ ಎಷ್ಟಿದೆ?
5. ಆನೋಡ್ ಬದಲಿಸಲು ಯಾವ ಲೆಕ್ಕಶೀರ್ಷಿಕೆಯಲ್ಲಿ ಎಷ್ಟು ಹಣ ಇಟ್ಟಿದ್ದೀರಿ?
6. ಗುತ್ತಿಗೆ ಮುಗಿದು ಆಸ್ತಿ ಹಸ್ತಾಂತರವಾಗುವ ದಿನ ಆನೋಡ್‌ನಲ್ಲಿ ಕನಿಷ್ಠ ಎಷ್ಟು ವರ್ಷದ ಆಯುಷ್ಯ ಉಳಿದಿರಬೇಕು ಅಂತ ಒಪ್ಪಂದದಲ್ಲಿದೆಯೇ?

ಉತ್ತರ ಬಂದರೆ ಒಳ್ಳೆಯದು, ಓದಲು ಬೇಕಾದ ಲೆಕ್ಕ ಈಗ ನಿಮಗೆ ಗೊತ್ತಿದೆ. ‘ಮಾಹಿತಿ ಲಭ್ಯವಿಲ್ಲ’ ಅಂತ ಬಂದರೆ ಅದೂ ಉತ್ತರವೇ. ಅಳತೆಯ ದಾಖಲೆ ಇಲ್ಲದ ಕಡೆ ಆನೋಡ್ ಇದೆಯೋ ಕರಗಿಹೋಗಿದೆಯೋ ಅನ್ನುವುದು ಸಮುದ್ರಕ್ಕೆ ಮಾತ್ರ ಗೊತ್ತಿರುತ್ತದೆ. ಜಿಂಕ್ ಮುಗಿದ ಮರುದಿನದಿಂದಲೇ ಅದು ಉಕ್ಕಿಗೆ ಕೈ ಹಾಕುತ್ತದೆ. ಆಗ ಬಿಲ್ ಬರುವುದು ಜೆಟ್ಟಿಯ ಮೇಲೆ ಮೀನಿನ ಬುಟ್ಟಿ ಹೊತ್ತು ನಿಂತವರ ಹೆಸರಿಗೆ.